ಮಾದರಿ ವಿಮಾನದ ಪ್ಯಾನ್-ಟಿಲ್ಟ್ ಕ್ಯಾಮೆರಾಗೆ ಸರ್ವೋ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಏಲರಾನ್ (ರೆಕ್ಕೆಯಂಚಿನ ಪಟ್ಟಿ), ಎಲಿವೇಟರ್‌ಗೆ (ಬಾಲದ ಪಟ್ಟಿ) ಹಾಕುವ ಸರ್ವೋವನ್ನೇ ಕ್ಯಾಮೆರಾಗೂ ಹಾಕಿದರೆ ಆಗದೇ?

ಸರ್ವೋ ಎಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್ ಪೆಟ್ಟಿಗೆ. ಪ್ಯಾನ್ ಎಂದರೆ ಕ್ಯಾಮೆರಾ ಎಡಬಲಕ್ಕೆ, ಟಿಲ್ಟ್ ಎಂದರೆ ಮೇಲೆ ಕೆಳಗೆ ತಿರುಗುವುದು. ಏಲರಾನ್ ಸರ್ವೋ ಇದಕ್ಕೂ ಆಗುತ್ತದೆ. ಹೆಚ್ಚಿನವರು ಶುರು ಮಾಡುವುದೇ ಹಾಗೆ. ಆದರೆ ಎರಡು ಕಡೆಯ ಕೆಲಸ ಒಂದೇ ಅಲ್ಲ. ಏಲರಾನ್ ಅರ್ಧ ಡಿಗ್ರಿ ಆಚೀಚೆ ನಿಂತರೆ ನಿಮಗೆ ಗೊತ್ತೇ ಆಗುವುದಿಲ್ಲ, ಗಾಳಿ ಅದನ್ನು ಒಂದು ಬದಿಗೆ ಒತ್ತಿ ಹಿಡಿದಿರುತ್ತದೆ. ಕ್ಯಾಮೆರಾ ಅರ್ಧ ಡಿಗ್ರಿ ಅಲುಗಿದರೆ ಅದರ ಚಿತ್ರ ನೋಡಲು ನೀವು ಹಾಕಿದ ಗಾಗಲ್ಸ್ ಒಳಗೆ ಇಡೀ ದಿಗಂತವೇ ಅಲುಗುತ್ತದೆ. ಏಲರಾನ್ ಸರ್ವೋಗೆ ಬಲ ಮುಖ್ಯ, ಕ್ಯಾಮೆರಾ ಸರ್ವೋಗೆ ನಯ ಮುಖ್ಯ. ತಮಾಷೆಯೆಂದರೆ, ಪೆಟ್ಟಿಗೆಯ ಮೇಲೆ ಟಾರ್ಕ್ (ತಿರುಗಿಸುವ ಬಲ) ದಪ್ಪಕ್ಷರದಲ್ಲಿ ಇರುತ್ತದೆ. ನಯ ಎಷ್ಟು ಎಂದು ಯಾರೂ ಅಚ್ಚು ಹಾಕುವುದಿಲ್ಲ.

ಹಾಗಾದರೆ ಟಾರ್ಕ್ ಎಷ್ಟು ಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಒಂದು ಲೆಕ್ಕ ಹಾಕೋಣ.

ಸಣ್ಣ ಎಫ್‌ಪಿವಿ ಕ್ಯಾಮೆರಾ (ವಿಮಾನದೊಳಗೆ ಕೂತಂತೆ ನೋಡುತ್ತಾ ಹಾರಿಸಲು), ಹಿಡಿಕೆ ಸೇರಿ 30 ಗ್ರಾಂ ಎನ್ನಿ. ಅದರ ಭಾರಕೇಂದ್ರ ಟಿಲ್ಟ್ ಅಕ್ಷದಿಂದ 1 ಸೆಂ.ಮೀ. ದೂರ ಇದೆ. ಆಗ ಸರ್ವೋ ಹೊರಬೇಕಾದದ್ದು 0.03 ಕೆ.ಜಿ.-ಸೆಂ.ಮೀ. ವಿಮಾನವನ್ನು 3 ಜಿ (ಗುರುತ್ವದ ಮೂರು ಪಟ್ಟು) ತಿರುವಿಗೆ ಎಳೆದರೆ ಅದು ಮೂರು ಪಟ್ಟಾಗಿ 0.09. ಇನ್ನು ಗಾಳಿ: ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ವೇಗದಲ್ಲಿ 3 ಸೆಂ.ಮೀ. ಚೌಕದ ಮುಖದ ಮೇಲೆ ಬೀಳುವ ಒತ್ತಡ ಸುಮಾರು 25 ಗ್ರಾಂ ತೂಕಕ್ಕೆ ಸಮ. ಅದು ಅಕ್ಷದಿಂದ 2 ಸೆಂ.ಮೀ. ದೂರದಲ್ಲಿ ತಳ್ಳಿದರೆ 0.05. ಎಲ್ಲ ಸೇರಿಸಿದರೂ 0.14. ಮಾಮೂಲಿ 9 ಗ್ರಾಂ ಸರ್ವೋದ ಸ್ಟಾಲ್ ಟಾರ್ಕ್ 4.8 ವೋಲ್ಟ್‌ಗೆ 1.6ರಿಂದ 1.8 ಕೆ.ಜಿ.-ಸೆಂ.ಮೀ. ಎಂದು ತಯಾರಕರು ಬರೆದಿರುತ್ತಾರೆ. ಅದರ ಹತ್ತನೇ ಒಂದು ಪಾಲೂ ಬೇಕಾಗಲಿಲ್ಲ.

ಈಗ ಅದೇ ಜಾಗಕ್ಕೆ 150 ಗ್ರಾಂನ ಆ್ಯಕ್ಷನ್ ಕ್ಯಾಮೆರಾ ಹಾಕಿ. ಭಾರಕೇಂದ್ರ 2 ಸೆಂ.ಮೀ. ದೂರ ಇದ್ದರೆ 0.3, ಮೂರು ಜಿಯಲ್ಲಿ 0.9. ಗಾಳಿ ಇನ್ನೊಂದು 0.2 ಸೇರಿಸುತ್ತದೆ. ಒಟ್ಟು 1.1. ಸ್ಟಾಲ್ ಟಾರ್ಕ್ ಎಂದರೆ ಸರ್ವೋ ಉಸಿರು ಕಟ್ಟಿ ನಿಲ್ಲುವ ಹಂತ, ಅದನ್ನು ದಿನಗೂಲಿಯ ಲೆಕ್ಕಕ್ಕೆ ಹಿಡಿಯಬಾರದು. ಅದರ ಮೂರನೇ ಒಂದು ಭಾಗದೊಳಗೆ ಕೆಲಸ ಮುಗಿಯಬೇಕು ಎಂಬುದು ನಾನು ಪಾಲಿಸುವ ನಿಯಮ. ಹಾಗಾಗಿ ಇಲ್ಲಿ 9 ಗ್ರಾಂ ಸರ್ವೋ ಸಾಲದು.

ಆದರೆ ದೊಡ್ಡ ಸರ್ವೋ ಕೊಳ್ಳಲು ಹೊರಡುವ ಮುನ್ನ ಆ 0.9 ಎಲ್ಲಿಂದ ಬಂತು ನೋಡಿ. ಪೂರ್ತಿ ಆ 2 ಸೆಂ.ಮೀ.ನಿಂದ ಬಂದದ್ದು. ಕ್ಯಾಮೆರಾವನ್ನು ಹಿಂದೆ ಸರಿಸಿ ಅದರ ಭಾರಕೇಂದ್ರವನ್ನು ಟಿಲ್ಟ್ ಅಕ್ಷದ ಮೇಲೆಯೇ ಕೂರಿಸಿದರೆ ಅದು ಸೊನ್ನೆ. ಪರೀಕ್ಷೆ ಸುಲಭ: ಸರ್ವೋ ಹಾರ್ನ್ (ಶಾಫ್ಟ್ ಮೇಲೆ ಕೂರುವ ಪುಟ್ಟ ಕೈ) ಬಿಚ್ಚಿ, ಕ್ಯಾಮೆರಾವನ್ನು ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆಯೇ ನೋಡಿ. ಮೂಗು ಕೆಳಗೆ ಹಾಕಿದರೆ ಮುಂಭಾರ, ಮೇಲೆತ್ತಿದರೆ ಹಿಂಭಾರ. ತೂಕ ಸರಿದೂಗಿಸಲು ಖರ್ಚಿಲ್ಲ.

ವೇಗ ಎಷ್ಟಿರಬೇಕು? 0.08 ಸೆಕೆಂಡಿನದು 0.12ಕ್ಕಿಂತ ಒಳ್ಳೆಯದಲ್ಲವೇ?

ಸರ್ವೋದ ವೇಗವನ್ನು 60 ಡಿಗ್ರಿ ತಿರುಗಲು ಹಿಡಿಯುವ ಸಮಯದಲ್ಲಿ ಹೇಳುತ್ತಾರೆ. 0.12 ಎಂದರೆ ಸೆಕೆಂಡಿಗೆ 500 ಡಿಗ್ರಿ. ಹಾರಿಸುತ್ತಾ ಕೂತವರು ತಲೆಯನ್ನು ಅಷ್ಟು ರಭಸವಾಗಿ ತಿರುಗಿಸುವುದು ಅಪರೂಪ, ತಿರುಗಿಸಿದರೆ ತಲೆ ಸುತ್ತುವುದು ಖಂಡಿತ. ಹೆಡ್ ಟ್ರ್ಯಾಕರ್ (ತಲೆ ತಿರುಗಿಸಿದತ್ತ ಕ್ಯಾಮೆರಾ ತಿರುಗಿಸುವ ಸಾಧನ) ಇದ್ದರೆ 0.12ರಿಂದ 0.2ರ ಒಳಗಿನ ಯಾವುದಾದರೂ ನಡೆಯುತ್ತದೆ. ಟ್ರಾನ್ಸ್‌ಮಿಟರ್‌ನ ಗುಂಡಿ ಅಥವಾ ಸ್ಲೈಡರ್‌ನಿಂದ ತಿರುಗಿಸುವುದಾದರೆ ಇನ್ನೂ ನಿಧಾನವೇ ಮೇಲು. ಎಡ್ಜ್‌ಟಿಎಕ್ಸ್, ಓಪನ್‌ಟಿಎಕ್ಸ್‌ನಂಥ ಟ್ರಾನ್ಸ್‌ಮಿಟರ್ ತಂತ್ರಾಂಶದಲ್ಲಿ ಚಾನೆಲ್ ವೇಗ ತಗ್ಗಿಸುವ ಸೌಲಭ್ಯವಿದೆ, ಅದನ್ನು ಬಳಸಿ.

ನಿಧಾನವಾಗಿ ತಿರುಗಿಸಿದರೆ ಚಿತ್ರ ಮೆಟ್ಟಿಲು ಇಳಿದ ಹಾಗೆ ಕುಪ್ಪಳಿಸುತ್ತದೆ. ಸರ್ವೋ ಕೆಟ್ಟಿದೆಯೇ?

ಅತಿ ಹೆಚ್ಚು ಬರುವ ದೂರು ಇದು. ಮೂರು ಕಡೆ ಹುಡುಕಬೇಕು.

ಮೊದಲನೆಯದು ಡೆಡ್ ಬ್ಯಾಂಡ್. ಸರ್ವೋಗೆ ಹೋಗುವ ಸಂಕೇತ 1000ರಿಂದ 2000 ಮೈಕ್ರೋಸೆಕೆಂಡ್‌ವರೆಗಿನ ಪಲ್ಸ್, 1500 ನಡುವೆ. ಈ 1000 ಮೈಕ್ರೋಸೆಕೆಂಡ್‌ನಲ್ಲಿ ಸರ್ವೋ 90 ಡಿಗ್ರಿ ತಿರುಗಿದರೆ ಒಂದೊಂದು ಮೈಕ್ರೋಸೆಕೆಂಡಿಗೆ 0.09 ಡಿಗ್ರಿ. ಅಗ್ಗದ ಅನಲಾಗ್ ಸರ್ವೋದ ಡೆಡ್ ಬ್ಯಾಂಡ್ 10 ಮೈಕ್ರೋಸೆಕೆಂಡ್ ಇರಬಹುದು. ಅದಕ್ಕಿಂತ ಸಣ್ಣ ಬದಲಾವಣೆ ಬಂದರೆ ಸರ್ವೋ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಅದು ಚಲಿಸುವುದೇ 0.9 ಡಿಗ್ರಿಯ ಹೆಜ್ಜೆಗಳಲ್ಲಿ. ಕ್ಯಾಮೆರಾ ಅಡ್ಡಕ್ಕೆ 90 ಡಿಗ್ರಿ ಕಾಣುತ್ತದೆ, ಚಿತ್ರ 720 ಪಿಕ್ಸೆಲ್ ಅಗಲ ಎಂದಾದರೆ ಒಂದೊಂದು ಹೆಜ್ಜೆಗೂ ಚಿತ್ರ ಸುಮಾರು 7 ಪಿಕ್ಸೆಲ್ ಜಿಗಿಯುತ್ತದೆ. ಡೆಡ್ ಬ್ಯಾಂಡ್ 2 ಮೈಕ್ರೋಸೆಕೆಂಡ್ ಇರುವ ಡಿಜಿಟಲ್ ಸರ್ವೋದಲ್ಲಿ ಈ ಜಿಗಿತ ಒಂದೂವರೆ ಪಿಕ್ಸೆಲ್‌ಗೆ ಇಳಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಪೆಟ್ಟಿಗೆಯ ಮೇಲಿನ ಅಂಕಿಗಳಲ್ಲಿ ಒಂದನ್ನೇ ನೋಡಲು ಅವಕಾಶವಿದ್ದರೆ ನಾನು ನೋಡುವುದು ಇದನ್ನು.

ಎರಡನೆಯದು ರೇಡಿಯೋ ಕೊಂಡಿ, ಮತ್ತು ಇಲ್ಲಿ ಸರ್ವೋ ಸುಮ್ಮನೆ ಬೈಸಿಕೊಳ್ಳುತ್ತದೆ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೋ ವ್ಯವಸ್ಥೆ ಬಳಸುವವರು ಸ್ವಿಚ್ ಮೋಡ್ (ಚಾನೆಲ್ ಬೆಲೆಗಳನ್ನು ಎಷ್ಟು ಸೂಕ್ಷ್ಮವಾಗಿ ಕಳಿಸಬೇಕೆಂಬ ಸೆಟ್ಟಿಂಗ್) ಯಾವುದಿದೆ ನೋಡಿಕೊಳ್ಳಿ. ಹೈಬ್ರಿಡ್ ಮೋಡ್‌ನಲ್ಲಿ ಹೆಚ್ಚಿನ ಸಹಾಯಕ ಚಾನೆಲ್‌ಗಳಿಗೆ ಸಿಗುವುದು ಆರೇ ಸ್ಥಾನ. ಸ್ವಿಚ್‌ಗೆ ಅದು ಧಾರಾಳ, ಪ್ಯಾನ್‌ಗೆ ಉಪಯೋಗವಿಲ್ಲ. ವೈಡ್ ಮೋಡ್‌ನಲ್ಲಿ 64 ಅಥವಾ 128 ಸ್ಥಾನ. 64 ಆದರೆ 90 ಡಿಗ್ರಿಗೆ ಒಂದೊಂದು ಹೆಜ್ಜೆ 1.4 ಡಿಗ್ರಿ, ಅಂದರೆ ಅಗ್ಗದ ಸರ್ವೋದ ಡೆಡ್ ಬ್ಯಾಂಡ್‌ಗಿಂತಲೂ ಒರಟು. ಎಲ್ಲ ಚಾನೆಲ್‌ಗಳನ್ನೂ ಪೂರ್ಣ ರೆಸಲ್ಯೂಷನ್‌ನಲ್ಲಿ ಕಳಿಸುವ ಮೋಡ್ ಆರಿಸಿಕೊಂಡರೆ ಎಷ್ಟೋ ಸಲ ಹಳೆಯ ಸರ್ವೋವೇ ಬೆಣ್ಣೆಯ ಹಾಗೆ ತಿರುಗುತ್ತದೆ.

ಮೂರನೆಯದು ಘರ್ಷಣೆ. ತಿರುಗುವ ತಟ್ಟೆ ಬಿಗಿಯಾಗಿದ್ದರೆ ಸರ್ವೋ ತಳ್ಳುತ್ತದೆ, ತಳ್ಳುತ್ತದೆ, ಆಮೇಲೆ ಒಮ್ಮೆಲೇ ಜಾರುತ್ತದೆ. ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ ನೋಡಿ.

ಅನಲಾಗ್ ಇರಲೋ, ಡಿಜಿಟಲ್ ಇರಲೋ?

ಪ್ಯಾನ್‌ಗೆ ಡಿಜಿಟಲ್. ಅನಲಾಗ್ ಸರ್ವೋ ತನ್ನ ಮೋಟಾರಿಗೆ ಸೆಕೆಂಡಿಗೆ ಸುಮಾರು 50 ಬಾರಿ, ಪಲ್ಸ್ ಬಂದಾಗಲಷ್ಟೇ ವಿದ್ಯುತ್ ತಟ್ಟುತ್ತದೆ. ಡಿಜಿಟಲ್ ಸರ್ವೋದೊಳಗಿನ ಚಿಕ್ಕ ಪ್ರೊಸೆಸರ್ ಅದನ್ನೇ ಸೆಕೆಂಡಿಗೆ ನೂರಾರು ಬಾರಿ ಮಾಡುತ್ತದೆ. ಸಣ್ಣ ತಪ್ಪನ್ನೂ ತಿದ್ದುತ್ತದೆ, ನಿಂತಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕೆ ಪ್ರತಿಯಾಗಿ ಸುಮ್ಮನಿದ್ದಾಗಲೂ ಸಣ್ಣಗೆ ಗುಂಯ್‌ಗುಡುತ್ತದೆ, ಕರೆಂಟ್ ಹೆಚ್ಚು ಎಳೆಯುತ್ತದೆ. ಕ್ಯಾಮೆರಾದಲ್ಲೇ ಮೈಕ್ ಇದ್ದರೆ ಆ ಸದ್ದು ರೆಕಾರ್ಡಿಂಗ್‌ನಲ್ಲಿ ಬರುತ್ತದೆ, ಗೊತ್ತಿರಲಿ. ಟಿಲ್ಟ್‌ಗೆ ಅನಲಾಗ್ ಇದ್ದರೂ ನಡೆದೀತು, ಅದನ್ನು ಅಲ್ಲಾಡಿಸುವುದು ಕಡಿಮೆ.

ಲೋಹದ ಗೇರು ಹಾಕಿದ್ದೇ ಗಟ್ಟಿ, ಅಲ್ಲವೇ?

ಗಟ್ಟಿ ಹೌದು, ನಯ ಅಲ್ಲ. ನಾನು ಮೊದಲ ಸಲ ಕಟ್ಟಿದಾಗ ಪ್ಲಾಸ್ಟಿಕ್ ಗೇರಿನ ಎಸ್‌ಜಿ90 ಮಾದರಿ ಬಿಟ್ಟು, ದುಡ್ಡು ಹೆಚ್ಚು ಕೊಟ್ಟು ಲೋಹದ ಗೇರಿನ ಜೋಡಿಯೊಂದನ್ನು ತಂದೆ. ಮೊದಲ ಹಾರಾಟದಲ್ಲೇ ಚಿತ್ರ ಸಣ್ಣಗೆ ತೂಗಾಡತೊಡಗಿತು. ಪ್ರೊಪೆಲರ್ ಬ್ಯಾಲೆನ್ಸ್ ಮಾಡಿದೆ, ಮೋಟಾರ್ ಮೌಂಟ್ ಬದಲಿಸಿದೆ, ಎರಡು ವಾರ ಹೋಯಿತು. ಕೊನೆಗೆ ಕ್ಯಾಮೆರಾವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಹಲ್ಲುಗಳ ನಡುವೆ ಟಿಕ್ ಟಿಕ್ ಎಂದು ಸಡಿಲ. ಅದನ್ನು ಮೊದಲ ದಿನವೇ ಮಾಡಬಹುದಿತ್ತು.

ಹಲ್ಲುಗಳ ನಡುವಿನ ಈ ಸಡಿಲ ಅಳೆಯಲು ಉಪಕರಣ ಬೇಡ. ಹಾರ್ನ್‌ಗೆ ಕೇಂದ್ರದಿಂದ 10 ಸೆಂ.ಮೀ. ಉದ್ದದ ಕಡ್ಡಿಯೊಂದನ್ನು ಅಂಟಿಸಿ, ಸರ್ವೋಗೆ ವಿದ್ಯುತ್ ಕೊಟ್ಟು, ಕಡ್ಡಿಯ ತುದಿಯನ್ನು ಮೆಲ್ಲಗೆ ಅಲ್ಲಾಡಿಸಿ. 1 ಮಿ.ಮೀ. ಆಡಿದರೆ ಸುಮಾರು 0.6 ಡಿಗ್ರಿ ಸಡಿಲ. 2 ಮಿ.ಮೀ. ದಾಟಿದರೆ ಆ ಸರ್ವೋವನ್ನು ಫ್ಲಾಪ್‌ಗೋ ಬಾಗಿಲಿಗೋ ಬಿಡಿ.

ಹೊಸ ನೈಲಾನ್ ಗೇರುಗಳು ಸಾಮಾನ್ಯವಾಗಿ ಒಂದಕ್ಕೊಂದು ಬಿಗಿಯಾಗಿ ಕೂರುತ್ತವೆ, ತೂಕವೂ ಕಡಿಮೆ. ಮೂಗು ನೆಲಕ್ಕೆ ಬಡಿದಾಗ ಹಲ್ಲು ಮುರಿಯುತ್ತದೆ, ಅದು ನಿಜ. ಆದರೆ ಲೋಹದ ಗೇರು ಉಳಿದರೆ ಆ ಪೆಟ್ಟು ಮುಂದಕ್ಕೆ ಹೋಗಿ ಕ್ಯಾಮೆರಾದ ಹಿಡಿಕೆಯನ್ನೋ ಕ್ಯಾಮೆರಾವನ್ನೋ ಮುರಿಯುತ್ತದೆ. ಸಣ್ಣ ಕ್ಯಾಮೆರಾಗೆ ನನ್ನ ಓಟು ನೈಲಾನ್‌ಗೆ. ಭಾರದ ಕ್ಯಾಮೆರಾಗೆ ಲೋಹವೇ ಬೇಕು ಎಂದಾದರೆ, ಒಂದು ಮೆತ್ತನೆಯ ರಬ್ಬರ್ ಬ್ಯಾಂಡನ್ನೋ ಸ್ಪ್ರಿಂಗನ್ನೋ ಕ್ಯಾಮೆರಾ ಸದಾ ಒಂದೇ ಬದಿಗೆ ಒತ್ತಿಕೊಂಡಿರುವಂತೆ ಕಟ್ಟಿ. ಹಲ್ಲುಗಳು ಒಂದೇ ಕಡೆ ತಾಗಿಕೊಂಡಿರುತ್ತವೆ, ಸಡಿಲ ಇದ್ದರೂ ಚಿತ್ರದಲ್ಲಿ ಕಾಣುವುದಿಲ್ಲ.

ಪ್ಯಾನ್ 180 ಡಿಗ್ರಿ ತಿರುಗಬೇಕು, ನನ್ನ ಸರ್ವೋ 90ಕ್ಕೇ ನಿಲ್ಲುತ್ತದೆ.

ಮೊದಲು ಟ್ರಾನ್ಸ್‌ಮಿಟರ್‌ನ ಎಂಡ್ ಪಾಯಿಂಟ್ (ಪಲ್ಸ್ ತಲುಪುವ ಎರಡು ತುದಿ) ಹಿಗ್ಗಿಸಿ ನೋಡಿ. ಅನೇಕ ಸರ್ವೋಗಳು 1000-2000ರ ಆಚೆಗೂ ಸ್ಪಂದಿಸುತ್ತವೆ, 500ರಿಂದ 2500 ಕೊಟ್ಟರೆ 180ರ ಹತ್ತಿರ ಹೋಗುವವೂ ಇವೆ. ತುದಿಯಲ್ಲಿ ಒಳಗಿನ ತಡೆಗೆ ಬಡಿದು ಗರ್‌ಗರ್ ಎಂದರೆ ತಕ್ಷಣ ಹಿಂದೆ ಸರಿಸಿ, ಹಾಗೇ ಬಿಟ್ಟರೆ ಸುಡುತ್ತದೆ.

ಅದೂ ಸಾಲದಿದ್ದರೆ 180 ಡಿಗ್ರಿ ಎಂದೇ ಮಾರುವ ಸರ್ವೋ ಕೊಳ್ಳಿ. ಹೊರಗೆ 2:1 ಗೇರು ಹಾಕಿ ಕೋನ ದುಪ್ಪಟ್ಟು ಮಾಡುವವರೂ ಇದ್ದಾರೆ. ಕೋನದ ಜೊತೆಗೆ ಡೆಡ್ ಬ್ಯಾಂಡ್, ಸಡಿಲ, ನಡುಕ ಎಲ್ಲವೂ ದುಪ್ಪಟ್ಟಾಗುತ್ತವೆ. ಇದಕ್ಕೆ ತಿರುಗಾಮುರುಗಾ ಮಾಡಿದರೆ ಸೊಗಸು: 270 ಡಿಗ್ರಿಯ ಸರ್ವೋ ತೆಗೆದುಕೊಂಡು ಗೇರಿನಿಂದ ಅರ್ಧಕ್ಕೆ ಇಳಿಸಿ. 135 ಡಿಗ್ರಿ ಸಿಗುತ್ತದೆ, ಸರ್ವೋದೊಳಗಿನ ಸಡಿಲ ಅರ್ಧವಾಗುತ್ತದೆ, ಟಾರ್ಕ್ ಎರಡು ಪಟ್ಟಾಗುತ್ತದೆ. ಹೊರಗಿನ ಗೇರಿನ ಸ್ವಂತ ಸಡಿಲವನ್ನು ಮಾತ್ರ ನೀವೇ ಬಿಗಿ ಮಾಡಿಕೊಳ್ಳಬೇಕು.

360 ಡಿಗ್ರಿ ಎಂದು ಬರೆದದ್ದನ್ನು ನೋಡಿ ಮರುಳಾಗಬೇಡಿ. ಅವುಗಳಲ್ಲಿ ಬಹಳಷ್ಟು ನಿಲ್ಲದೆ ಸುತ್ತುವ ಸರ್ವೋಗಳು. ಪಲ್ಸ್ ಅವಕ್ಕೆ ಹೇಳುವುದು ವೇಗವನ್ನು, ಜಾಗವನ್ನಲ್ಲ. ಕ್ಯಾಮೆರಾ ಎತ್ತ ನೋಡುತ್ತಿದೆ ಎಂಬುದು ಅದಕ್ಕೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ.

ಸರ್ವೋ ಬಿಚ್ಚಿ ರೆಸಿಸ್ಟರ್ ಹಾಕಿದರೆ ಕೋನ ಹೆಚ್ಚುತ್ತದೆ ಎನ್ನುತ್ತಾರೆ?

ಹೆಚ್ಚುತ್ತದೆ. ಸರ್ವೋ ತನ್ನ ಜಾಗ ತಿಳಿಯುವುದು ಒಳಗಿನ ಪೊಟೆನ್ಶಿಯೋಮೀಟರ್‌ನಿಂದ (ಚಿಕ್ಕದಾಗಿ ಪಾಟ್; ತಿರುಗಿದಂತೆ ವೋಲ್ಟೇಜ್ ಬದಲಿಸುವ ಭಾಗ). ಅದರ ಎರಡು ಹೊರ ತಂತಿಗಳಿಗೆ ಒಂದೊಂದು ಸಮಬೆಲೆಯ ರೆಸಿಸ್ಟರ್ ಸೇರಿಸಿದರೆ, ಅಷ್ಟೇ ವೋಲ್ಟೇಜ್ ಬದಲಾವಣೆ ಕಾಣಲು ಅದು ಹೆಚ್ಚು ತಿರುಗಬೇಕಾಗುತ್ತದೆ. 5 ಕಿಲೋಓಮ್ ಪಾಟ್‌ಗೆ ಎರಡೂ ಬದಿ 2 ಕಿಲೋಓಮ್ ಹಾಕಿದರೆ ಲೆಕ್ಕಕ್ಕೆ 1.8 ಪಟ್ಟು, ಅಂದರೆ 90 ಇದ್ದದ್ದು 162. ಡೆಡ್ ಬ್ಯಾಂಡ್ ಕೂಡ ಅಷ್ಟೇ ಪಟ್ಟು ಹಿಗ್ಗುತ್ತದೆ, ಹಿಡಿತ ಮೆತ್ತಗಾಗುತ್ತದೆ. ಕೆಲವದರಲ್ಲಿ ಗೇರಿನ ಮೇಲಿನ ಪ್ಲಾಸ್ಟಿಕ್ ತಡೆಯನ್ನೂ ಕತ್ತರಿಸಬೇಕು. ಕಲಿಯಲು ಮಾಡಿ, ಮಜಾ ಇದೆ. ಉಳಿತಾಯಕ್ಕೆ ಮಾಡಬೇಡಿ.

ಕ್ಯಾಮೆರಾವನ್ನು ನೇರವಾಗಿ ಸರ್ವೋ ಹಾರ್ನ್ ಮೇಲೆ ಕೂರಿಸಬಹುದೇ?

ಸಣ್ಣ ಕ್ಯಾಮೆರಾಗೆ ಪರವಾಗಿಲ್ಲ. ಆದರೆ ಪ್ಯಾನ್ ಸರ್ವೋ ಕ್ಯಾಮೆರಾದ ಜೊತೆಗೆ ಟಿಲ್ಟ್ ಸರ್ವೋವನ್ನೂ ಹೊತ್ತಿರುತ್ತದೆ ಎಂಬುದು ನೆನಪಿರಲಿ. 9 ಗ್ರಾಂ ಸರ್ವೋಗಳಲ್ಲಿ ಅನೇಕದರ ಶಾಫ್ಟ್ ಬರೀ ಪ್ಲಾಸ್ಟಿಕ್ ತೂತಿನಲ್ಲಿ ನಿಂತಿರುತ್ತದೆ. ಮೇಲಿನ ಭಾರ ಅದನ್ನು ಓರೆ ಎಳೆದೂ ಎಳೆದೂ ತೂತು ಅಗಲವಾಗಿ, ಕ್ಯಾಮೆರಾ ಕುಡಿದವರ ಕತ್ತಿನಂತೆ ವಾಲುತ್ತದೆ. ಶಾಫ್ಟ್‌ಗೆ ಬಾಲ್ ಬೇರಿಂಗ್ ಇರುವುದನ್ನು ಆರಿಸಿ. ಅದಕ್ಕಿಂತ ಒಳ್ಳೆಯದು, ಭಾರವನ್ನು ಸರ್ವೋ ಮೇಲೆ ಹಾಕದೇ ಇರುವುದು: ಕ್ಯಾಮೆರಾದ ತಟ್ಟೆ ಒಂದು ಅಗಲ ಬೇರಿಂಗ್ ಮೇಲೋ ನುಣುಪಾದ ವಾಷರ್ ಮೇಲೋ ಕೂರಲಿ, ಸರ್ವೋ ಬರೀ ತಿರುಗಿಸಲಿ. ಟಿಲ್ಟ್‌ಗೂ ಹಾಗೆಯೇ, ಸರ್ವೋದ ಎದುರು ಬದಿಯಲ್ಲಿ ಒಂದು ಪಿನ್ ಕೊಟ್ಟರೆ ಕ್ಯಾಮೆರಾ ಎರಡೂ ಕಡೆ ಹಿಡಿದ ತೊಟ್ಟಿಲಾಗುತ್ತದೆ. ಇಷ್ಟು ಮಾಡಿದ ಚೌಕಟ್ಟಿನಲ್ಲಿ ಸಾಧಾರಣ ಸರ್ವೋ ಕೂಡ ಮರ್ಯಾದೆಯಿಂದ ನಡೆದುಕೊಳ್ಳುತ್ತದೆ.

ನಡುವಿನಲ್ಲಿ ಸರಿ ಇದೆ, ಬದಿಗೆ ತಿರುಗಿದಾಗ ಮಾತ್ರ ನಡುಗುತ್ತದೆ. ಏಕೆ?

ವೈರ್ ನೋಡಿ. ಕ್ಯಾಮೆರಾಗೆ ಹೋಗುವ ದಪ್ಪ ತಂತಿಯ ಬಿಗಿತ ಕ್ಯಾಮೆರಾದ ತೂಕಕ್ಕಿಂತ ಹೆಚ್ಚಿರಬಹುದು. ಬದಿಗೆ ತಿರುಗಿದಾಗ ವೈರ್ ಹಿಂದಕ್ಕೆಳೆಯುತ್ತದೆ, ಸರ್ವೋ ಮುಂದಕ್ಕೆಳೆಯುತ್ತದೆ, ನಡುಕ ಹುಟ್ಟುತ್ತದೆ. ತೆಳು ಸಿಲಿಕೋನ್ ವೈರ್ ಹಾಕಿ, ಪ್ಯಾನ್ ಅಕ್ಷದ ಸುತ್ತ ಒಂದು ಸಡಿಲ ಸುರುಳಿ ಬಿಡಿ.

ಏನೂ ಮುಟ್ಟದಿದ್ದರೂ ಸರ್ವೋ ತಾನೇ ತಾನಾಗಿ ನಡುಗುತ್ತದೆ.

ವಿಡಿಯೋ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ನಿಂತರೆ ಅದರ ರೇಡಿಯೋ ಅಲೆ ಸರ್ವೋ ವೈರ್‌ಗೆ ನುಗ್ಗುತ್ತಿದೆ ಎಂದರ್ಥ: ವೈರ್ ಹೆಣೆಯಿರಿ, ಫೆರೈಟ್ ಉಂಗುರದಲ್ಲಿ ನಾಲ್ಕೈದು ಸುತ್ತು ಸುತ್ತಿ, ಆಂಟೆನಾವನ್ನು ದೂರ ಸರಿಸಿ. ನಿಲ್ಲದಿದ್ದರೆ ಹೆಡ್ ಟ್ರ್ಯಾಕರ್ ಬಿಚ್ಚಿ ಅದರ ಚಾನೆಲ್ ಸ್ಥಿರವಾಗಿಡಿ. ಆಗಲೂ ನಿಲ್ಲದಿದ್ದರೆ ಸರ್ವೋದ ಪಾಟ್ ಸವೆದಿದೆ, ಬದಲಿಸಿ.

ಸರ್ವೋ ತಿರುಗಿದಾಗಲೆಲ್ಲ ವಿಡಿಯೋದಲ್ಲಿ ಗೆರೆ ಬರುತ್ತದೆ. ಒಮ್ಮೆ ರಿಸೀವರ್ ಕೂಡ ರೀಸ್ಟಾರ್ಟ್ ಆಯಿತು.

ಎರಡನೆಯದಕ್ಕೆ ಹೆದರಿ. 9 ಗ್ರಾಂ ವರ್ಗದ ಸರ್ವೋ ಸಿಕ್ಕಿಕೊಂಡಾಗ ಸುಮಾರು 0.7 ಆಂಪಿಯರ್ ಎಳೆಯಬಲ್ಲದು, ಡಿಜಿಟಲ್ ಆದರೆ ಒಂದು ಆಂಪಿಯರ್ ದಾಟುತ್ತದೆ. ರೆಕ್ಕೆ, ಬಾಲದ ನಾಲ್ಕು ಸರ್ವೋಗಳ ಮೇಲೆ ಇನ್ನೆರಡು ಸೇರಿದಾಗ ಇಎಸ್‌ಸಿಯೊಳಗಿನ (ಮೋಟಾರಿನ ವೇಗ ನಿಯಂತ್ರಕ) ಪುಟ್ಟ ಬಿಇಸಿ (ರಿಸೀವರ್, ಸರ್ವೋಗಳಿಗೆ ವಿದ್ಯುತ್ ಕೊಡುವ ಭಾಗ) ಕುಸಿಯುತ್ತದೆ, ರಿಸೀವರ್ ಕಣ್ಣು ಮುಚ್ಚುತ್ತದೆ. ಕ್ಯಾಮೆರಾ ಸರ್ವೋಗಳಿಗೆ ಬೇರೆಯೇ 5 ವೋಲ್ಟ್ ಬಿಇಸಿ ಕೊಡಿ. ಕೆಂಪು ತಂತಿ ಬೇರೆ ಬಿಇಸಿಯಿಂದ ಬಂದರೂ ಕಪ್ಪು ತಂತಿ ರಿಸೀವರ್‌ನ ಗ್ರೌಂಡಿಗೆ ಸೇರಿರಲೇಬೇಕು, ಇಲ್ಲವಾದರೆ ಸಂಕೇತಕ್ಕೆ ಆಧಾರವಿಲ್ಲ.

ಗೆರೆಗಳಿಗೆ ಕಾರಣ ಸರ್ವೋ ಮೋಟಾರಿನ ಬ್ರಷ್ ಕಿಡಿ. ಕ್ಯಾಮೆರಾ ಮತ್ತು ವಿಡಿಯೋ ಟ್ರಾನ್ಸ್‌ಮಿಟರ್‌ಗೆ ಸರ್ವೋ ಜೊತೆ ಪೂರೈಕೆ ಹಂಚಬೇಡಿ. ಸರ್ವೋ ಪೂರೈಕೆಗೆ ಅಡ್ಡಲಾಗಿ 470ರಿಂದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಧನ ಋಣ ತಪ್ಪದಂತೆ.

ಫ್ಲೈಟ್ ಕಂಟ್ರೋಲರ್‌ನಿಂದ (ವಿಮಾನದೊಳಗಿನ ಹಾರಾಟ ನಿಯಂತ್ರಿಸುವ ಕಂಪ್ಯೂಟರ್) ನೇರ ಓಡಿಸಬಹುದೇ?

ಧಾರಾಳವಾಗಿ. ಆರ್ಡುಪೈಲಟ್ ಎಂಬ ಅದರ ತಂತ್ರಾಂಶದಲ್ಲಿ ಇದಕ್ಕೆಂದೇ ಮೌಂಟ್ ವ್ಯವಸ್ಥೆ ಇದೆ, ಸರ್ವೋ ಫಂಕ್ಷನ್ 6 ಪ್ಯಾನ್‌ಗೆ, 7 ಟಿಲ್ಟ್‌ಗೆ. ಔಟ್‌ಪುಟ್ ದರ ಮಾತ್ರ ಗಮನಿಸಿ. ಡಿಜಿಟಲ್ ಸರ್ವೋ ಸೆಕೆಂಡಿಗೆ 300ಕ್ಕಿಂತ ಹೆಚ್ಚು ಪಲ್ಸ್ ಸಹಿಸಬಹುದು. ಅನಲಾಗ್‌ಗೆ ಅಷ್ಟು ಕೊಟ್ಟರೆ ಬಿಸಿಯಾಗಿ ಸಾಯುತ್ತದೆ, ಅದಕ್ಕೆ 50 ಸಾಕು. ಹಾಗೆಯೇ ಹೆಲಿಕಾಪ್ಟರ್ ಬಾಲಕ್ಕೆಂದು ಮಾಡಿದ ಕೆಲವು ಸರ್ವೋಗಳ ನಡುಬಿಂದು 1500 ಅಲ್ಲ, 760 ಮೈಕ್ರೋಸೆಕೆಂಡ್. ಅವು ಇಲ್ಲಿ ಹೊಂದುವುದಿಲ್ಲ.

ಸರ್ವೋದಿಂದಲೇ ಚಿತ್ರ ಸ್ಥಿರಗೊಳಿಸಬಹುದೇ? ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಮೋಟಾರ್ ಚೌಕಟ್ಟು) ಏಕೆ ಬೇಕು?

ವಿಮಾನ ನಿಧಾನವಾಗಿ ವಾಲಿದಾಗ ದಿಗಂತ ನೆಟ್ಟಗಿಡುವಷ್ಟು ಆದೀತು. ಮೋಟಾರಿನ ನಡುಕ, ಜೆಲ್ಲಿಯಂಥ ಅಲೆ ಇವೆಲ್ಲ ಸರ್ವೋಗೆ ನಿಲುಕದಷ್ಟು ವೇಗದವು. ಅದಕ್ಕೆ ಬ್ರಷ್‌ಲೆಸ್ ಗಿಂಬಲ್. ಸುತ್ತ ನೋಡುತ್ತಾ ಹಾರಿಸಲು ಸರ್ವೋ, ತೋರಿಸುವ ವಿಡಿಯೋಗೆ ಗಿಂಬಲ್.

ಹಾರ್ನ್‌ಗಳು ಒಂದಕ್ಕೊಂದು ಹೊಂದುತ್ತವೆಯೇ?

ಇಲ್ಲ. ಸ್ಟ್ಯಾಂಡರ್ಡ್ ಗಾತ್ರದಲ್ಲಿ ಸಾಮಾನ್ಯವಾಗಿ ಫುಟಾಬಾ ಶಾಫ್ಟ್‌ಗೆ 25 ಹಲ್ಲು, ಹೈಟೆಕ್‌ಗೆ 24, ಜೆಆರ್‌ಗೆ 23. ಒತ್ತಿ ಕೂರಿಸಿದರೆ ಕೂತ ಹಾಗೆ ಕಾಣುತ್ತದೆ, ಹಾರುವಾಗ ಜಾರುತ್ತದೆ.

ಸಿಗ್ನಲ್ ಹೋದರೆ ಕ್ಯಾಮೆರಾ ಎಲ್ಲಿ ನೋಡಬೇಕು?

ನೇರ ಮುಂದೆ. ಫೇಲ್‌ಸೇಫ್‌ನಲ್ಲಿ ಪ್ಯಾನ್, ಟಿಲ್ಟ್ ಎರಡನ್ನೂ ನಡುವಿಗೆ ಹೊಂದಿಸಿ. ಜೊತೆಗೆ ಬೆರಳಿಗೆ ಸಿಗುವ ಸ್ವಿಚ್ ಒಂದಕ್ಕೆ ಕ್ಯಾಮೆರಾ ನಡುವಿಗೆ ತರುವ ಕೆಲಸ ಕೊಡಿ. ಬದಿಗೆ ನೋಡುತ್ತಾ ಮೈಮರೆತು, ಆ ಬದಿಯೇ ಮುಂದು ಎಂದುಕೊಂಡು ತಿರುವು ಹಾಕಿದವರಲ್ಲಿ ನಾನೂ ಒಬ್ಬ, ಮರವೊಂದು ತಿದ್ದಿತು. ಈಗ ಮೂಗಿನ ತುದಿಗೆ ಕೆಂಪು ಪಟ್ಟಿ ಅಂಟಿಸಿದ್ದೇನೆ. ಅದು ಚಿತ್ರದಲ್ಲಿ ಕಂಡರೆ ಮುಂದೆ ನೋಡುತ್ತಿದ್ದೇನೆ, ಕಾಣದಿದ್ದರೆ ಟ್ರಾನ್ಸ್‌ಮಿಟರ್‌ನ ಕೋಲು ಮುಟ್ಟುವುದಿಲ್ಲ.

ಮೂಗಿನ ಮೇಲೆ ಇಷ್ಟೆಲ್ಲ ಹೊರಿಸಿದರೆ ವಿಮಾನದ ಸಮತೋಲ?

ಕೆಡುತ್ತದೆ. ಭಾರಕೇಂದ್ರದಿಂದ 20 ಸೆಂ.ಮೀ. ಮುಂದೆ 60 ಗ್ರಾಂ ಇಟ್ಟರೆ, 10 ಸೆಂ.ಮೀ. ಹಿಂದೆ 120 ಗ್ರಾಂ ಬೇಕು. ಸೀಸ ಸೇರಿಸುವ ಬದಲು ಬ್ಯಾಟರಿಯನ್ನು ಹಿಂದೆ ಸರಿಸಿ. ಜಾಗವಿಲ್ಲದಿದ್ದರೆ ಆಗ 5 ಗ್ರಾಂ ವರ್ಗದ ಸರ್ವೋಗಳ ಕಡೆ ನೋಡಿ. ಮೊದಲು ಹಾಕಿದ ಲೆಕ್ಕ ನೆನಪಿದೆಯಲ್ಲ, ತೂಕ ಸರಿದೂಗಿಸಿದ ಸಣ್ಣ ಕ್ಯಾಮೆರಾಗೆ ಅವೂ ಸಾಕು.

ಅಂಟಿಸುವ ಮುನ್ನ ಏನೇನು ನೋಡಬೇಕು?

ಕೊಂಡದ್ದು ಎರಡೋ ಮೂರೋ ಇದ್ದರೆ ಎಲ್ಲವನ್ನೂ ಸರ್ವೋ ಟೆಸ್ಟರ್‌ಗೆ ಹಾಕಿ, ಗುಂಡಿಯನ್ನು ಕೂದಲೆಳೆಯಷ್ಟು ನಿಧಾನವಾಗಿ ತಿರುಗಿಸಿ. ಒಂದೇ ಪೆಟ್ಟಿಗೆಯಿಂದ ಬಂದವೂ ಒಂದೇ ಥರ ಇರುವುದಿಲ್ಲ. ಅತಿ ನಯವಾದದ್ದು ಪ್ಯಾನ್‌ಗೆ, ಎರಡನೆಯದು ಟಿಲ್ಟ್‌ಗೆ, ಉಳಿದದ್ದು ರೆಕ್ಕೆಗೆ. ಟೆಸ್ಟರ್ 1500ರಲ್ಲಿ ಇರುವಾಗಲೇ ಹಾರ್ನ್ ಹಾಕಿ ಸ್ಕ್ರೂ ಬಿಗಿಯಿರಿ, ಕ್ಯಾಮೆರಾ ನೇರ ಮುಂದೆ ನೋಡುತ್ತಿರಲಿ. ಅಂಟು ಸರ್ವೋದ ಒಡಲಿಗೆ ನೇರ ಹಚ್ಚಬೇಡಿ. ಮೊದಲು ಟೇಪ್ ಸುತ್ತಿ ಅದರ ಮೇಲೆ ಹಚ್ಚಿದರೆ, ಹಲ್ಲು ಮುರಿದ ದಿನ ಬ್ಲೇಡಿನಿಂದ ಸೀಳಿ ಹೊರತೆಗೆಯಬಹುದು.